ಅವಧಿ ಮೀರಿ

ಭಟ್ಕಳದಿಂದ ಮೊದಲ ಬಸ್ಸಿಗೇ ಹೊರಟರೂ
ಶರಾವತಿ ಸೇತುವೆ, ಕುಮಟೆಯ ಚಾ, ಅಂಕೋಲೆಯ ತಿರುವು ದಾಟಿ
ಕಾರವಾರದ ನಮ್ಮ ಕಚೇರಿಯ ಮೆಟ್ಟಿಲನ್ನು
ಸಫೂರಾ ಬೀ ಹತ್ತುವಾಗ ಹತ್ತೂವರೆ.
ಬುರ್ಖಾದ ಅಂಚಿಗೆ ಚತುಷ್ಪಥದ ಕೆಂಪು ಧೂಳು.
ಕೈಯಲ್ಲಿ ಅಕ್ಕಿಯ ಚೀಲ, ಚೀಲದೊಳಗೆ ಪ್ಲಾಸ್ಟಿಕ್ಕು,
ಪ್ಲಾಸ್ಟಿಕ್ಕಿನೊಳಗೆ ದೇಶ.

ವಿದೇಶಿಯರ ನೋಂದಣಿಯ ಮೇಜು ನನ್ನದು.
ಗೋಕರ್ಣದಿಂದ ಬಿಳಿ ಹುಡುಗರು ಬರುತ್ತಾರೆ, ಬರಿಗಾಲಲ್ಲಿ,
ವೀಸಾ ಮುಗಿದದ್ದೇ ಮರೆತು; ಸಾಹೇಬರು ನಗುತ್ತ ಕೂರಿಸುತ್ತಾರೆ.
ಇವಳಿಗೆ ಕಾರಿಡಾರಿನ ಬೆಂಚು.
ಹುಟ್ಟಿದ ಊರಿನ ಕಾಲಮಿನಲ್ಲಿ ಕರಾಚಿ ಎಂದಿದೆ ನೋಡಿ,
ಆ ಮೂರಕ್ಷರ ಓದಿದವರ ದನಿ
ತಾನಾಗಿ ಅರ್ಧ ಮೆಟ್ಟಿಲು ಮೇಲೇರುತ್ತದೆ.
ನನ್ನದೂ.

ಅಪ್ಪ ಭಟ್ಕಳದವನೇ, ಬಟ್ಟೆ ವ್ಯಾಪಾರಕ್ಕೆ ಹೋದವ.
ಹೋದಾಗ ಅದು ಬರೀ ದೂರದ ಊರು,
ಒಂದು ಬೆಳಗಾಗುವುದರೊಳಗೆ ಬೇರೆ ದೇಶ.
ಮಗಳು ಹತ್ತೊಂಬತ್ತಕ್ಕೆ ಮರಳಿ ಬಂದಳು, ಸೋದರತ್ತೆಯ ಸೊಸೆಯಾಗಿ.
ಮರಳಿ ಎಂಬ ಮಾತನ್ನು ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದರು:
ಆಗಮನ ಎಂದು ಬರೆ.

ಮೊದಲ ವರ್ಷ ಅವಳಿಗೆ ಹಿಂದಿಯಲ್ಲಿ ಗದರಿದ್ದೆ.
ಅವಳು ನವಾಯತಿಯಲ್ಲಿ ಗೊಣಗಿಕೊಂಡಳು.
ಕೊಂಕಣಿಯ ನನಗೆ ಪೂರಾ ಅರ್ಥವಾಯಿತು.
ಅರ್ಥವಾಗದವನಂತೆ ಠಸ್ಸೆ ಒತ್ತಿದೆ.

ಕಲಂ ಹದಿನಾಲ್ಕು: ವಾಪಸು ಹೋಗಲು ಉದ್ದೇಶಿಸಿದ ದಿನಾಂಕ.
"ನೀವೇ ಒಂದು ಬರೀರಿ" ಅನ್ನುವಳು.
ಹನ್ನೊಂದು ವರ್ಷ, ಹನ್ನೊಂದು ದಿನಾಂಕ ಬರೆದೆ.
ಒಮ್ಮೆ ಎಚ್ಚರವಿಲ್ಲದೆ ನನ್ನ ಮಗಳು ಹುಟ್ಟಿದ ದಿನ.

ಅವಳ ಮಗಳ ಹೆರಿಗೆ ಮಂಗಳೂರಲ್ಲಿ.
ಈ ಮೇಜಿನ ಹೊರತು ಇನ್ನೆಲ್ಲಿಗೆ ಹೋಗುವುದಕ್ಕೂ ಅಪ್ಪಣೆ ಬೇಕು.
ಅರ್ಜಿ ನನ್ನಿಂದ ಸಾಹೇಬರಿಗೆ, ಬೆಂಗಳೂರಿಗೆ, ದಿಲ್ಲಿಗೆ,
ದಿಲ್ಲಿಯಿಂದ ಪ್ರಶ್ನೆಯಾಗಿ ವಾಪಸು:
ಹೆರಿಗೆ ಭಟ್ಕಳದಲ್ಲೇ ಏಕಾಗಬಾರದು?
ಉತ್ತರ ಟೈಪು ಮಾಡಿ ಮುಗಿಸುವಷ್ಟರಲ್ಲಿ
ಮಗು ಬೋರಲು ಬೀಳುತ್ತಿತ್ತು.
ಅಪ್ಪಣೆಯ ಕಾಗದ ಮಡಚಿ ಚೀಲಕ್ಕಿಟ್ಟು ಕೇಳಿದಳು,
"ಮುಂದಿನ ಹೆರಿಗೆಗೆ ನಡೀತದಲ್ಲ ಇದು?"
ನಾನು ನಿಯಮ ಹೇಳಿದೆ: ಹದಿನೈದೇ ದಿನ ಇದರ ಆಯುಷ್ಯ.

ಮೀನಿಗೆ ಗಡಿಯಿಲ್ಲ ಎಂದರು ಯಾರೋ, ಉತ್ಸವದ ರಾತ್ರಿ,
ಬೀಚಿನ ವೇದಿಕೆಯಲ್ಲಿ.
ಖಾರ್ವಿ ಮನೆಯಲ್ಲಿ ಹುಟ್ಟಿದವ ನಾನು, ನಗು ಬಂತು.
ಗಡಿಯಿಲ್ಲ, ನಿಜ.
ಬಲೆ ಇದೆ.

ನಮ್ಮ ಕೇರಿ ಇದ್ದಲ್ಲಿ ಈಗ ನೌಕಾಪಡೆಯ ತಂತಿಬೇಲಿ.
ಒಳಗುಳಿದ ಜಟಕನ ಕಲ್ಲಿಗೆ ವರ್ಷಕ್ಕೊಂದು ದಿನ ಪಾಸು;
ತೆಂಗಿನಕಾಯಿಯನ್ನೂ ಯಂತ್ರದೊಳಗೆ ಹಾಯಿಸಿ
ದೇವರ ಹತ್ತಿರ ಹೋಗುತ್ತೇವೆ.
ಇದನ್ನು ಅವಳಿಗೆ ಹೇಳಬೇಕೆನಿಸಿತ್ತು ಒಂದು ಮಳೆಗಾಲ.
ಹೇಳಲಿಲ್ಲ. ನನಗೆ ಪರಿಹಾರ ಸಿಕ್ಕಿದೆ, ನೌಕರಿ ಸಿಕ್ಕಿದೆ,
ಮತದಾರರ ಪಟ್ಟಿಯಲ್ಲಿ ಹೆಸರಿದೆ.
ಹೋಲಿಸಿಕೊಳ್ಳುವುದೂ ಒಂದು ಕಳ್ಳತನ.

ಈ ಸಲ ಮಗ ಬಂದ. ಅದೇ ಚೀಲ.
ರಂಜಾನಿನ ಎರಡನೇ ವಾರ ತೀರಿಕೊಂಡಳಂತೆ,
ಗಂಡನ ಮಗ್ಗುಲಲ್ಲೇ ಜಾಗ ಸಿಕ್ಕಿತಂತೆ.
ಕಡತ ಮುಚ್ಚಲು ಕೂತೆ. ಕಂಪ್ಯೂಟರು ಒಪ್ಪಲಿಲ್ಲ.
ದೇಶ ಬಿಟ್ಟ ದಿನಾಂಕ?
ಬಿಟ್ಟ ಬಂದರು ಅಥವಾ ವಿಮಾನನಿಲ್ದಾಣ?
ತುಂಬದೆ ಮುಂದೆ ಹೋಗಗೊಡದ ಕೆಂಪು ಚುಕ್ಕಿ.
ಮರಣಪತ್ರ ಲಗತ್ತಿಸಿ ಮೇಲಕ್ಕೆ ಬರೆದೆ,
ಪರಿಶೀಲನೆಯಲ್ಲಿದೆ ಎಂದರು ಮೇಲಿನವರು.

ಅಷ್ಟರಲ್ಲಿ ಮಾರ್ಚ್ ಮೂವತ್ತೊಂದು ಕಳೆಯಿತು.
ಬೆಳಿಗ್ಗೆ ಯಂತ್ರ ತಾನಾಗಿ ನೋಟೀಸು ಉಗುಳಿತ್ತು:
ಅವಧಿ ಮೀರಿ ವಾಸವಾಗಿದ್ದೀರಿ,
ಏಳು ದಿನದೊಳಗೆ ಖುದ್ದು ಹಾಜರಾಗತಕ್ಕದ್ದು.
ಈ ಕಚೇರಿ ಅವಳನ್ನು ಬಹುವಚನದಲ್ಲಿ ಕರೆದದ್ದು
ಇದೇ ಮೊದಲು.

ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದೆ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಹೊರಗೆ ಭಟ್ಕಳದ ಬಸ್ಸು ಉಸಿರು ಬಿಟ್ಟು ನಿಂತ ಸದ್ದು.
ಹತ್ತೂವರೆ.
ಅಭ್ಯಾಸಬಲ, ಬೆಂಚಿನತ್ತ ನೋಡಿದೆ.