ಹೋಲ್ಡಾನ್

ಇಪ್ಪತ್ತೆರಡು ವರ್ಷ ಈ ಊರುಗಳ ಹೆಸರು ಕೂಗಿದ್ದೇನೆ.
ಅಮದಳ್ಳಿ, ಅವರ್ಸಾ, ಅಂಕೋಲಾ, ಹಿರೇಗುತ್ತಿ,
ಯಾರ್ರೀ ಮಾದನಗೇರಿ, ಬಾಗಿಲಿಗೆ ಬನ್ನಿ.
ಇಳಿಯುವವರು ಇಳಿದರು.
ನನಗೆ ಪ್ರತಿ ಊರೂ ಒಂದು ಕಂಬ, ಒಂದು ಗೂಡಂಗಡಿ,
ಆಮೇಲೆ ಒಂದು ಸೀಟಿ.

ನಿವೃತ್ತಿಯ ಹಾರ ಬಾಡುವ ಮೊದಲೇ
ಹಳೇ ಸ್ಕೂಟಿಗೆ ಹೊಸ ಟೈರು ಹಾಕಿಸಿದೆ.
ಕೋಡಿಬಾಗದಲ್ಲಿ ದೋಣಿ ಸಾಮಾನಿನ ಅಂಗಡಿಗೆ ಹೋಗಿ
ನೀಲಿ ತಾಡಪತ್ರಿ, ನೈಲಾನ್ ಹಗ್ಗ, ನಾಲ್ಕು ಗೂಟ.
"ಮಾಡಿಗೆ ಹೊದೆಸಲಿಕ್ಕಾ ಶೇವಂತಕ್ಕಾ?" ಎಂದ ಪುರುಸು ತಾಂಡೇಲ.
"ಅಲ್ಲ, ಅಡಿಗೆ ನಾನು ಮಲಗಲಿಕ್ಕೆ" ಎಂದೆ.
ಚಿಲ್ಲರೆ ಕೊಡುವುದನ್ನೇ ಮರೆತುಬಿಟ್ಟ.
ನಾನು ಮರೆಯಲಿಲ್ಲ. ಮೂರು ರೂಪಾಯಿ, ಕೇಳಿ ಪಡೆದೆ.

ಬಿಣಗಾ ಏರು ಹತ್ತುವಾಗ
ಹಿಂದೆ ಐವತ್ತೈದು ಜನ ಇಲ್ಲದ ಬೆನ್ನು
ಗಾಳಿಗೆ ತಣ್ಣಗಾಯಿತು.

ಅರ್ಗಾದಲ್ಲಿ ಬ್ರೇಕು ತಾನಾಗಿ ಬಿತ್ತು.
ಇಲ್ಲೇ ಹತ್ತುತ್ತಿದ್ದ ನೌಕಾಪಡೆಯ ಹುಡುಗ,
ಬಾಡಮೇರ್ ಕಡೆಯವನು, ನನ್ನ ಸೀಟಿಗೆ ಒರಗಿ ನಿಂತು
ಹರಕು ಕನ್ನಡದಲ್ಲಿ ಹೇಳುತ್ತಿದ್ದ:
ನಮ್ಮಲ್ಲಿ ಒಂದು ಊರು ಮುಗಿದರೆ ಇನ್ನೊಂದಕ್ಕೆ ಅರ್ಧ ದಿನ,
ನಡುವೆ ಮರಳು, ಒಂದು ಒಂಟೆ, ಒಂದು ಚಾ.
ಅಲ್ಲಿ ಬಯಲಲ್ಲಿ ಮಲಗಿದರೆ, ಮೇಡಂ,
ನಕ್ಷತ್ರಗಳ ತೂಕ ಮೈಮೇಲೆ ಬೀಳುತ್ತದೆ.
ಮುಂದೆ ಹೋಗಿ, ಮುಂದೆ ಹೋಗಿ, ಎಂದಿದ್ದೆ ನಾನು.
ಒಂದು ಮಳೆಗಾಲದ ನಂತರ ಅವನು ಬರಲಿಲ್ಲ.
ಟಿಕೇಟಿನಲ್ಲಿ ದರ ಇರುತ್ತದೆ, ಹೆಸರು ಇರುವುದಿಲ್ಲ.

ಮೊದಲ ರಾತ್ರಿ, ಹಾರವಾಡದ ದಂಡೆ.
ಗೂಟ ನಿಲ್ಲಲಿಲ್ಲ. ಹನ್ನೊಂದಕ್ಕೆ ಗಾಳಿ ಬಂದು
ತಾಡಪತ್ರಿ ಕುಡಿದವನ ಹಾಗೆ ಎದ್ದು ನಿಂತಿತು.
ಎರಡು ನಾಯಿ. ಬ್ಯಾಟರಿ ಹಿಡಿದ ಮೂವರು ಗಂಡುಹುಡುಗರು.
"ಯಾರದು?"
ಎದೆ ಹೊಡೆದುಕೊಂಡ ರಭಸಕ್ಕೆ
ಬಾಯಿಗೆ ಬಂದದ್ದು ಒಂದೇ ಮಾತು: "ಪಾಸ್ ತೋರಿಸಿ!"
ಅವರಲ್ಲೊಬ್ಬ ನಕ್ಕ. ಪಿಯುಸಿಗೆ ಹೋಗುವಾಗ
ಅವಧಿ ಮುಗಿದ ಪಾಸಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದವನು.
ಗೊತ್ತಿತ್ತು. ಬಿಟ್ಟಿದ್ದೆ.
ಗೂಟಗಳಿಗೆ ಮರಳು ತುಂಬಿದ ಚೀಲ ಕಟ್ಟಿಕೊಟ್ಟು
ನಾಯಿಗಳನ್ನೂ ಕರೆದುಕೊಂಡು ಹೋದರು.

ಎರಡನೆಯ ದಿನ ಗಂಗಾವಳಿ ದಾಟಿ
ಮಾದನಗೇರಿಯಲ್ಲಿ ಬಲಕ್ಕೆ ತಿರುಗಿದೆ,
ನನ್ನ ಬಸ್ಸು ಒಂದು ದಿನವೂ ತಿರುಗದ ಕಡೆ.

ಸಾಣಿಕಟ್ಟಾ. ಏಪ್ರಿಲ್ ಬಿಸಿಲು.
ಆಗರದ ಗದ್ದೆಗಳಲ್ಲಿ ನೀರು ಸತ್ತು ಬೆಳ್ಳಗಾಗಿತ್ತು.
ಉಪ್ಪಿನ ಗುಡ್ಡೆಗಳು ಸಾಲಾಗಿ,
ಬಸ್ಸಿಗೆ ಕಾದು ಕೂತವರ ಹಾಗೆ.
ಬೀರಮ್ಮ ಆಗೇರ ಹಲಿಗೆ ಕೆಳಗಿಟ್ಟು ನನ್ನನ್ನು ನೋಡಿದಳು,
ಸ್ಕೂಟಿಯನ್ನು ನೋಡಿದಳು, ಗಂಟನ್ನು ನೋಡಿದಳು.
"ಉಪ್ಪಿನ ಹತ್ರ ಮಲಗಬೇಡ, ರಾತ್ರಿ ಬೆವರ್ತದೆ ಅದು.
ಆ ಏರಿ ಮೇಲೆ ಹಾಕು."
ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ ತಂದಿಟ್ಟಳು.
ಎಷ್ಟಾಯ್ತು ಎಂದೆ, ಅಭ್ಯಾಸಬಲ.
ಅವಳಿಗೆ ಸಿಟ್ಟು ಬಂತು.

ಚಂದ್ರ ಮೇಲೆ ಬಂದಾಗ ನೆಲವೆಲ್ಲ ಹೊಳೆಯಿತು.
ಬಾಡಮೇರಿನ ಹುಡುಗಾ, ಇದು ನಿನ್ನ ಊರಿನಷ್ಟು ದೊಡ್ಡದಲ್ಲ,
ಬೀಡಿ ಆರುವುದರೊಳಗೆ ಆಚೆ ತುದಿ ಸಿಗುತ್ತದೆ.
ಆದರೂ ಒಂಟೆಯೊಂದು ಈಗ ನಡೆದು ಬಂದಿದ್ದರೆ
ನಾನು ಆಶ್ಚರ್ಯಪಡುತ್ತಿರಲಿಲ್ಲ.
ತಾಡಪತ್ರಿ ಕಟ್ಟದೆ, ಹಾಸಿ ಮಲಗಿದೆ.
ನಕ್ಷತ್ರಗಳ ತೂಕ ಗೊತ್ತಾಗಲಿಲ್ಲ.
ಎಡ ಭುಜದಲ್ಲಿ ಚೀಲದ ಪಟ್ಟಿ ಕೂತ ಜಾಗ ಮಾತ್ರ,
ಇಪ್ಪತ್ತೆರಡು ವರ್ಷದ ಗೆರೆ,
ಗಾಳಿ ಸೋಕಿ ರಾತ್ರಿಯೆಲ್ಲ ತುರಿಸಿತು.

ಬೆಳಕು ಹರಿಯುವಾಗ ರಸ್ತೆಯಲ್ಲಿ ಗೋಕರ್ಣದ ಮೊದಲ ಬಸ್ಸು.
ನಾನು ಕೈ ಮಾಡಲಿಲ್ಲ, ಆದರೂ ನಿಂತಿತು.
ಬಾಗಿಲಲ್ಲಿ ಹೊಸ ಸಮವಸ್ತ್ರದ ಹುಡುಗಿ,
ಸೀಟಿ ಇನ್ನೂ ತುಟಿಯಲ್ಲಿ.
"ಎಲ್ಲಿಗಮ್ಮಾ?"
"ಎಲ್ಲಿಗೂ ಇಲ್ಲ. ಇಳಿದಿದ್ದೇನೆ."
ಅವಳಿಗೆ ಅರ್ಥವಾಗಲಿಲ್ಲ. ಹೊತ್ತಾಗುತ್ತಿತ್ತು.
ಬಸ್ಸಿನ ಮೈಗೆ ಎರಡು ಸಲ ತಟ್ಟಿ, ರೈಟ್, ಎಂದೆ.

ಕೆಂಪು ಬಣ್ಣದ ಮೇಲೆ ಉಪ್ಪಿನ ಅಂಗೈಯೊಂದು
ಕುಮಟೆಯ ಕಡೆ ಹೋಯಿತು.