ಆಗರದವನ ಲೆಕ್ಕ

ನೀರು ಕಮ್ಮಿಯಾದರೆ ಉಪ್ಪು ಕೂರುತ್ತದೆ.
ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.
ಸಾಣಿಕಟ್ಟೆಯ ಆಗರದಲ್ಲಿ ಇಪ್ಪತ್ತೆರಡು ಬೇಸಿಗೆ
ಹಲಗೆ ಎಳೆದವನು ನಾನು, ಬೀರಾ ಆಗೇರ.
ಆದರೂ ಕಾರವಾರದ ಆಸ್ಪತ್ರೆಯಲ್ಲಿ
ಕಪ್ಪು ಪಟದ ಮೇಲೆ ಡಾಕ್ಟರ್ ಜೆಸಿಂತಾ ಬೆರಳಿಟ್ಟು
"ಇಲ್ಲಿ, ಎಡಗಡೆ, ಹದಿನಾಲ್ಕು ಮಿಲಿಮೀಟರ್" ಎಂದಾಗ
ಪೆದ್ದನ ಹಾಗೆ ಕೇಳಿದೆ:
ನಾಲ್ಕು ವರ್ಷದ ಮಗುವಿನೊಳಗೆ
ಕಲ್ಲು ಹ್ಯಾಂಗೆ ಹೋಗ್ತದ್ರಾ?

ಹೋದದ್ದಲ್ಲ. ಅಲ್ಲೇ ಆದದ್ದು.

ಆಮೇಲೆ ಒಂದೊಂದೇ ಬಿಚ್ಚಿಕೊಂಡಿತು.
ಅಂಗನವಾಡಿಯ ಪಾಯಖಾನೆಗೆ ಬಾಗಿಲಿತ್ತು, ಚಿಲಕವಿರಲಿಲ್ಲ.
ಪಕ್ಕದ ಶಾಲೆಯ ಹುಡುಗರು ದೂಡಿ ನಗುತ್ತಿದ್ದರಂತೆ.
ಅದಕ್ಕೆ ಮಗಳು ತಾನೇ ಒಂದು ಉಪಾಯ ಕಂಡುಕೊಂಡಿದ್ದಳು:
ನೀರೇ ಕುಡಿಯದಿರುವುದು.
ತುಂಬಿ ಕಳಿಸಿದ ಬಾಟಲಿ ತುಂಬಿದ ಹಾಗೇ ಮನೆಗೆ ಬರುತ್ತಿತ್ತು,
ತುಳಸು ಅದನ್ನು ಬಸಳೆ ಬುಡಕ್ಕೆ ಸುರಿಯುತ್ತಿದ್ದಳು.
ಬಸಳೆ ಚೆನ್ನಾಗಿ ಹಬ್ಬಿತ್ತು.

"ಅದೊಂದೇ ಅಲ್ಲ, ಮೈಗುಣವೂ ಇರಬಹುದು,
ಪರೀಕ್ಷೆ ಮಾಡೋಣ" ಎಂದರು ಡಾಕ್ಟರು.
ಇರಬಹುದು.
ನನ್ನ ತಲೆಯಲ್ಲಿ ಇಲ್ಲದ ಆ ಚಿಲಕವೇ ಕೂತಿತು.

ಸೋದರಮಾವ ಸುಕ್ರಣ್ಣನಿಗೂ ಹಿಂದೆ ಕಲ್ಲಾಗಿತ್ತು.
ಹುಬ್ಬಳ್ಳಿಯಲ್ಲಿ ಕೊಯ್ದ ಗಾಯ
ಬೆನ್ನಿಂದ ಹೊಟ್ಟೆಯವರೆಗೆ ಓಡಿತ್ತು
ಗದ್ದೆಯ ಬದುವಿನ ಹಾಗೆ ಉಬ್ಬಿಕೊಂಡು;
ಆಮೇಲೆ ಅವನು ಉಪ್ಪಿನ ಬುಟ್ಟಿ ಹೊರಲಿಲ್ಲ.
ಆ ಬದುವನ್ನು ಮನಸ್ಸಿನಲ್ಲೇ ಮಗಳ ಬೆನ್ನಿಗೆ ಹಿಡಿದು ನೋಡಿದೆ.
ಬೆನ್ನೇ ಸಾಲಲಿಲ್ಲ.

"ಎಷ್ಟು ಕೊಯ್ತೀರಿ?"
ಡಾಕ್ಟರು ಪೆನ್ನು ಬಿಚ್ಚಿ ರೀಫಿಲ್ ಎತ್ತಿ ತೋರಿಸಿದರು:
"ಇದಕ್ಕಿಂತ ಚೂರು ದಪ್ಪದ ತೂತು.
ಅದರೊಳಗೇ ಕ್ಯಾಮೆರಾ, ಅದರೊಳಗೇ ಲೇಸರ್.
ಕಲ್ಲನ್ನು ಪುಡಿ ಮಾಡಿ ತೊಳೆದು ತೆಗೆಯೋದು."
"ಯಾವ ನೀರಲ್ಲಿ ತೊಳೀತೀರಿ?"
ಕೆಲಸದವನು ಕೆಲಸದವರನ್ನು ಕೇಳುವ ಮಾತು, ಬಂದುಬಿಟ್ಟಿತು.
"ಉಪ್ಪುನೀರಲ್ಲಿ. ಬೆಚ್ಚಗೆ ಮಾಡಿದ್ದು.
ತಣ್ಣಗಿದ್ದರೆ ಮಗುವಿಗೆ ಥಂಡಿ ಹಿಡೀತದೆ."

ಉಪ್ಪುನೀರು!
ಮೂರು ದಿನದಲ್ಲಿ ಮೊದಲ ಸಲ ನಗು ಬಂತು.
ತುಳಸು ತಿವಿದಳು.

ಬೆಳಿಗ್ಗೆ, ಏನೂ ಕುಡಿಸಬಾರದ ಆ ಬೆಳಿಗ್ಗೆ,
ಅವಳಾಗಿಯೇ ನೀರು ಕೇಳಿದಳು.
ಕೊಡಲಿಲ್ಲ ನಾವು.
ಕಾಗದ ತುಂಬುತ್ತಿದ್ದ ನರ್ಸಮ್ಮ ಕೇಳಿದರು:
"ತೃಷಾ. ಅರ್ಥ ಗೊತ್ತುಂಟಾ?"
ನನ್ನ ತಂಗಿ ಇಟ್ಟದ್ದು, ಚಂದ ಉಂಟಲ್ಲ ಅಂದೆ.
"ಬಾಯಾರಿಕೆ" ಅಂದು ಅವರು
ಮುಂದಿನ ಸಾಲಿನಲ್ಲಿ ತೂಕ ಬರೆದರು. ಹದಿಮೂರು ಕಿಲೋ.

ಬಾಗಿಲು ಮುಚ್ಚಿತು. ಕಿಟಕಿಯಾಚೆ ಕಡಲು,
ಇಷ್ಟು ನೀರು, ಯಾರ ಕಾವಲೂ ಇಲ್ಲದೆ.
ನಾನು ನಿಂತು ತೂಬಿನ ಲೆಕ್ಕ ಹಾಕುತ್ತಿದ್ದೆ:
ಹೆಚ್ಚು ಎತ್ತಿದರೆ ಬದು ಒಡೆಯುತ್ತದೆ,
ಕಮ್ಮಿಯಾದರೆ ತಳದ ರವೆ ಉಳಿಯುತ್ತದೆ,
ಕೈಗೇ ಗೊತ್ತಾಗಬೇಕು, ಬಾಯಲ್ಲಿ ಹೇಳಲು ಬಾರದು.
ಒಳಗೆ ಯಾರೋ
ನನ್ನ ಮಗಳೊಳಗಿನ ತೂಬಿನ ಮೇಲೆ ಕೈಯಿಟ್ಟಿದ್ದರು.
ಆ ಕೈಗೆ ಗೊತ್ತಿರಲಿ.
ಒಂದು ಗಂಟೆ ಐವತ್ತು ನಿಮಿಷ.

ಶೀಸೆಯ ತಳದಲ್ಲಿ ಕಂದು ಪುಡಿ, ಒಂದು ಚಿಟಿಕೆ.
ಬೆಳಕಿಗೆ ಹಿಡಿದೆ.
"ನಿಮ್ಮ ಉಪ್ಪಲ್ಲ ಅದು" ಎಂದರು ಡಾಕ್ಟರು ದಣಿದ ಕಣ್ಣಲ್ಲಿ ನಗುತ್ತ.
ಅಲ್ಲ. ಆದರೂ ದಾಯಾದಿ.

ನಾಲ್ಕನೇ ದಿನ ಅಂಕೋಲೆಯ ಬಸ್ಸು.
ಬೆನ್ನಿನ ಮೇಲೆ ಉಗುರಗಲದ ಪಟ್ಟಿ,
ಅದರಡಿ ಸೊಳ್ಳೆ ಕಚ್ಚಿದಷ್ಟು ಗುರುತು.
ನನ್ನ ಅಂಗಿ ಜೇಬಿನಲ್ಲಿ ಪೇಟೆಯಲ್ಲಿ ಕೊಂಡ ಚಿಲಕ,
ನಾಲ್ಕು ಸ್ಕ್ರೂ ಬೇರೆ ಪೊಟ್ಟಣದಲ್ಲಿ.
ಬಾಟಲಿ ಅರ್ಧ ಖಾಲಿ.
ಅವರ್ಸಾ ದಾಟುವಾಗ ಮಗಳು ಕಿವಿಗೆ ಬಾಯಿಟ್ಟಳು.
ಕಂಡಕ್ಟರ್ ಗೊಣಗುತ್ತಲೇ ಸೀಟಿ ಊದಿದ.
ರಸ್ತೆಯಂಚಿನ ಗೇರುಮರದ ಮರೆಯಲ್ಲಿ
ತುಳಸು ಟವೆಲಿನ ಒಂದು ತುದಿ, ನಾನು ಇನ್ನೊಂದು,
ಮುಖ ಬಸ್ಸಿನ ಕಡೆಗೆ ಮಾಡಿ ನಿಂತೆ.
"ಅಪ್ಪಾ, ಎಲ್ಲರೂ ಕಾಯ್ತಿದಾರಾ?"

ಕಾಯಲಿ ಮಗಾ.
ಅಡ್ಡಿಲ್ಲ.