ಒರಟು ಹೆಬ್ಬೆರಳು

ಓಡೆಲ್ ಕ್ರಾಬ್‌ಟ್ರೀಯ ಕ್ಷೌರದಂಗಡಿಯ ಹಿಂದೆ
ಹತ್ತು ಹೆಜ್ಜೆಗೆ ಕೆರೆ. ಕಟ್ಟೆಯ ಗೂಟಕ್ಕೆ
ದಾರದಲ್ಲಿ ಇಳಿಬಿಟ್ಟ ಥರ್ಮಾಮೀಟರು.
ಮಾರ್ಚಿ ಹುಟ್ಟಿದ ಮೇಲೆ ದಿನಾ ಬೆಳಗ್ಗೆ
ಗಬ್ಬದ ಹಸುವಿನ ಕೆಚ್ಚಲು ನೋಡುವವನ ಹಾಗೆ
ಬಗ್ಗಿ, ಎಳೆದು, ಕನ್ನಡಕ ಹಣೆಗೇರಿಸಿ ಓದುತ್ತಾನೆ:
ನಲವತ್ತೆಂಟು. ಐವತ್ತೊಂದು. ಮತ್ತೆ ಐವತ್ತು.
"ಅದಕ್ಕೇನು ಆತುರ," ಎನ್ನುತ್ತಾನೆ ಬಟ್ಟಲಲ್ಲಿ ನೊರೆ ಕಡೆಯುತ್ತ,
ಆತುರವೆಲ್ಲ ತನ್ನದೇ ಎಂದು ತಿಳಿಯದವನಂತೆ.

ಮಿಸ್ಸೌರಿಯ ಈ ಗುಡ್ಡಗಳಲ್ಲಿ ಎಲೆಗಿಂತ ಮೊದಲು ಹೂವು.
ಬೋಳು ಕೊಂಬೆಯ ಮೈಗೇ ಅಂಟಿ
ರೆಡ್‌ಬಡ್ ಮರದ ನೇರಳೆಗೆಂಪು,
ಯಾರೋ ಕುಂಚ ಒರೆಸಿ ಮರೆತುಹೋದಂತೆ.
ಆಮೇಲೆ ಡಾಗ್‌ವುಡ್ಡಿನ ಬಿಳಿ. ಆಮೇಲೆ, ಒಂದು ಗುರುವಾರ,
ನೀರು ಅರವತ್ತು ಡಿಗ್ರಿ.

ಬಾಗಿಲಿಗೆ ರಟ್ಟು ತೂಗಿತು:
ನೀರು ಬೆಚ್ಚಗಾಗಿದೆ. ಕೂದಲು ಕಾಯಲಿ.
ಅರ್ಧ ಗಡ್ಡ ಬೋಳಿಸಿಕೊಂಡ ಬರ್ಲ್ ಪ್ರೂಯೆಟ್
ಉಳಿದರ್ಧದ ನೊರೆ ತಾನೇ ಒರೆಸಿಕೊಳ್ಳುತ್ತ
"ಮಧ್ಯಾಹ್ನ ಕೋರ್ಟಿನಲ್ಲಿ ಸಾಕ್ಷಿ ಹೇಳುವುದಿದೆ ನನಗೆ" ಎಂದ.
"ಒಂದು ಕೆನ್ನೆ ಸತ್ಯ ಹೇಳಿದರೆ ಸಾಕು," ಎಂದ ಓಡೆಲ್,
ಬಾಗಿಲಾಚೆಯಿಂದ.

ನಾನು ಡೆಲ್ಫಿ. ಆ ವರುಷ ಕತ್ತರಿ ಕಲಿಯುತ್ತಿದ್ದೆ.
ಚಪ್ಪಟೆ ತಳದ ತಗಡು ದೋಣಿ,
ಮುಂಗಡೆ ಅವನು, ಹಿಂಗಡೆ ನಾನು,
ನಡುವೆ ಕಾಫಿ ಫ್ಲಾಸ್ಕು, ಉಪ್ಪು ಬಿಸ್ಕತ್ತು,
ರಬ್ಬರು ಹುಳುಗಳ ಡಬ್ಬಿ, ಎಲ್ಲವೂ ದ್ರಾಕ್ಷಿ ಬಣ್ಣದ್ದು.
ಮಾತಾಡಬಹುದು. ಮಾತು ನೀರಿಗಿಳಿಯುವುದಿಲ್ಲವಂತೆ;
ದೋಣಿಯ ತಳಕ್ಕೆ ಬೂಟು ಕೆರೆದದ್ದು ಇಳಿಯುತ್ತದಂತೆ.

"ಅಲ್ಲಿ ನೋಡು."
ನೋಡಿದೆ. ನೀರು. ನೀರಿನ ಮೇಲೆ ಮೋಡ.
"ಮೇಲಲ್ಲ. ಒಳಗೆ."
ಮೊದಲು ಕಂಡದ್ದು ನನ್ನದೇ ಮುಖ. ಅದನ್ನು ದಾಟಿ
ಕಣ್ಣು ನಿಧಾನ ಕೆಳಗಿಳಿದಾಗ
ಮೊಣಕಾಲಾಳದ ಗರಸಿನಲ್ಲಿ
ಊಟದ ತಟ್ಟೆಯಷ್ಟು ತೊಳೆದಿಟ್ಟ ಬೆಳಕು,
ಬಾಲದಲ್ಲೇ ಗುಡಿಸಿ ಗುಡಿಸಿ ಮಾಡಿದ ಮನೆ.
ಅದರ ಮೇಲೊಂದು ನೆರಳು, ಕದಲದೆ,
ಈಜುರೆಕ್ಕೆ ಮಾತ್ರ ಮಿಡಿಯುತ್ತ.
"ಬಾಸ್. ಗಂಡು," ಎಂದ. "ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಯಿತು.
ಇನ್ನು ಇವನಿಗೆ ಊಟವಿಲ್ಲ, ನಿದ್ದೆಯಿಲ್ಲ, ಬರೀ ಕಾವಲು.
ಬಾಣಂತನ ಮಾಡುವವನನ್ನು ಹೊರಗೆ ಕರೆಯಬಾರದು.
ಹಸಿದ ಅಲೆಮಾರಿಗಳು ಬೇರೆ ಇದ್ದಾರೆ,
ಅಗೋ, ಆ ಬಿದ್ದ ಸೀಡರಿನ ಕೆಳಗೆ."

ಎಸೆದೆ. ಕೊಂಬೆಗೆ ಸಿಕ್ಕಿತು. ಬಿಡಿಸಿದೆ. ಎಸೆದೆ.
ಬಿಸಿಲು ಕೈಯಿಂದ ಬೆನ್ನಿಗೆ ಬಂತು.
ಆಮೆಯೊಂದು ದಿಮ್ಮಿಯೇರಿ ಕತ್ತು ಚಾಚಿ ಕೂತಿತು,
ಮುಂದಿನ ಗಿರಾಕಿಯಂತೆ.
ಎಸೆದೆ.

ಟಕ್.
ಎಳೆತವಲ್ಲ ಅದು. ಆಚೆ ಕೋಣೆಯಲ್ಲಿ ಯಾರೋ
ಗೋಡೆಗೆ ಬೆರಳ ಗೆಣ್ಣು ತಾಗಿಸಿದಂತೆ.
ದಾರ ತನ್ನಷ್ಟಕ್ಕೇ ಪಕ್ಕಕ್ಕೆ ನಡೆಯತೊಡಗಿತು.
"ಈಗ," ಎಂದ.
ಈಗ ಎಂಬುದು ಇಷ್ಟು ತೂಕ ಎಂದು
ನನಗೆ ಅದುವರೆಗೆ ಗೊತ್ತಿರಲಿಲ್ಲ.
ಕೋಲು ಬಿಲ್ಲಾಯಿತು, ರಾಟೆ ಕಿರುಚಿತು,
ಕೆರೆ ಒಡೆದು ಅದನ್ನು ಮೇಲಕ್ಕುಗುಳಿತು:
ಪಾಚಿಹಸಿರು ಬೆನ್ನು, ಪಕ್ಕೆಯುದ್ದ ಕರಿಗೆರೆ,
ಮುಷ್ಟಿ ಹಿಡಿಸುವ ಬಾಯಿ ಅಗಲಿಸಿ, ತಲೆ ಕೊಡವಿ,
ಒಲ್ಲೆ ಎಂಬುದನ್ನು ಇಡೀ ಮೈಯಲ್ಲಿ ಹೇಳುತ್ತ.

ಬಾಯೊಳಗೆ ಹೆಬ್ಬೆರಳಿಟ್ಟು ಕೆಳದವಡೆ ಹಿಡಿಯಬೇಕು.
ಹಲ್ಲೆಂದರೆ ಹಲ್ಲಲ್ಲ, ಮರಳುಕಾಗದ.
ಹಿಡಿದ ಕೂಡಲೇ ಮೀನು ಸುಮ್ಮನಾಯಿತು; ನಾನೂ,
ಅದರ ಕಣ್ಣಿನಂಚಿನ ಬಂಗಾರ ನೋಡುವಷ್ಟು ಹೊತ್ತು.
ಮತ್ತೆ ನೀರಿಗೆ. ಬೊಗಸೆಯೊಳಗೊಮ್ಮೆ ಉಸಿರೆಳೆದು
ಅಂಗೈಗೆ ಒದ್ದು ಹೋಯಿತು.

ಸಂಜೆಯ ಹೊತ್ತಿಗೆ ಏಳು. ಓಡೆಲನಿಗೆ ಎರಡು.
"ದೋಣಿಯ ಹಿಂಗಡೆಯೇ ಒಳ್ಳೆಯದು ಬಿಡು," ಎಂದ,
ನಲವತ್ತು ವರುಷ ಮುಂಗಡೆ ಕೂತವನು.

ಶುಕ್ರವಾರ ಬರ್ಲ್ ಉಳಿದರ್ಧ ಗಡ್ಡ ತಂದ.
ಕೋರ್ಟು ನಂಬಿತೇ ಎಂದು ಯಾರೂ ಕೇಳಲಿಲ್ಲ.
ಓಡೆಲ್ ಕಾಫಿ ಹಿಡಿದು ಕೂತ; ಕತ್ತಿ ನನ್ನ ಕೈಗೆ.
ಈ ಊರ ಗಂಡಸರಿಗೆ ವಸಂತ ಬಂದದ್ದು
ಓಡೆಲನ ಹೆಬ್ಬೆರಳಿನಿಂದ ತಿಳಿಯುತ್ತದೆ ಎಂದು ಕೇಳಿದ್ದೆ.
ತಮಾಷೆ ಎಂದುಕೊಂಡಿದ್ದೆ.
ಚರ್ಮ ಬಿಗಿಹಿಡಿಯಲು ಬರ್ಲನ ದವಡೆಗೆ
ನನ್ನ ಹೆಬ್ಬೆರಳು ಇಟ್ಟೆ, ತರಿತರಿ, ತೊಗಲು ಎದ್ದದ್ದು.
ಕಣ್ಣು ಮುಚ್ಚಿಕೊಂಡೇ ಕೇಳಿದ:
"ಎಷ್ಟು ತೂಗಿತು?"